ಹೂಳುವುದಾ, ತೂಗಿಸುವುದಾ? ತೋಟದ ಮನೆಗೆ ಫೈಬರ್ ಕೇಬಲ್ ಎಳೆಯುವ ಮುನ್ನ

ಜೂನ್ ತಿಂಗಳ ಮೊದಲ ಗಾಳಿಮಳೆ. ರಾತ್ರಿ ಎಲ್ಲೋ ಮರ ಬಿದ್ದ ಸದ್ದು. ಬೆಳಿಗ್ಗೆ ಎದ್ದು ನೋಡಿದರೆ ಮೋಡೆಮ್ಮಿನಲ್ಲಿ ಕೆಂಪು ದೀಪ ಮಿಣುಕುತ್ತಿದೆ. ಮಲೆನಾಡಿನಲ್ಲಿ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡವರಿಗೆಲ್ಲ ಈ ದೀಪದ ಪರಿಚಯ ಇದ್ದೇ ಇದೆ. ಅದರ ಪಕ್ಕ ಎಲ್‌ಒಎಸ್ ಅಂತ ಬರೆದಿರುತ್ತದೆ. ಬೆಳಕು ಬರುತ್ತಿಲ್ಲ ಎಂದು ಅರ್ಥ.

ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ಸುಮಾರು 640 ಮೀಟರ್ ಒಳಗೆ. ಮೊದಲ ಸಲ ಕೇಬಲ್ ಎಳೆಯಲು ಬಂದ ಹುಡುಗರು ಒಂದೇ ಮಧ್ಯಾಹ್ನದಲ್ಲಿ ಮರದಿಂದ ಮರಕ್ಕೆ ಕಟ್ಟಿ ಮುಗಿಸಿದರು. ಆ ಮಳೆಗಾಲದಲ್ಲಿ ಅದು ಏಳು ಸಲ ತುಂಡಾಯಿತು. ಸಿಟ್ಟು ಬಂದು ಮುಂದಿನ ಬೇಸಿಗೆಯಲ್ಲಿ ಇಡೀ ಕೇಬಲ್ಲನ್ನು ಒಂದಡಿ ಆಳದ ಗುಂಡಿಯಲ್ಲಿ ಹಾಗೇ ಹೂತುಬಿಟ್ಟೆ. ಪೈಪಿಲ್ಲ, ಗುರುತಿಲ್ಲ, ಏನೂ ಇಲ್ಲ. ನಾಲ್ಕು ತಿಂಗಳು ಆರಾಮಾಗಿತ್ತು. ಆಮೇಲೊಂದು ದಿನ ಕೆಂಪು ದೀಪ. ತೂಗಿಸಿದ್ದಾಗ ತುಂಡಾದ ಜಾಗ ಐದು ನಿಮಿಷದಲ್ಲಿ ಸಿಗುತ್ತಿತ್ತು. ಹೂತದ್ದು ಎಲ್ಲಿ ಹೋಗಿದೆ ಅಂತ ಹುಡುಕಲು ಒಂಬತ್ತು ದಿನ ಹಿಡಿಯಿತು. ಹೆಗ್ಗಣ ಕಡಿದಿತ್ತು.

ಮೂರನೇ ಸಲ ತಲೆ ಉಪಯೋಗಿಸಿದೆ. ಸ್ವಲ್ಪ ಹೂತೆ, ಸ್ವಲ್ಪ ತೂಗಿಸಿದೆ. ಈ ಬರಹ ಆ ಮೂರನೇ ಸಲದ್ದು. ಹೂಳುವುದು ಒಳ್ಳೆಯದಾ, ತೂಗಿಸುವುದಾ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಯಾವ ತುಂಡಿನಲ್ಲಿ? ದಾರಿಯ ಒಂದೊಂದು ತುಂಡಿಗೂ ಒಂದೊಂದು ಉತ್ತರ ಇರುತ್ತದೆ.

ಇದು ಬರೀ ನಮ್ಮ ಮನೆಯ ಪಾಡಲ್ಲ. ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದನ್ನು ಭಾರತ್‌ನೆಟ್ ಅಂತ ಕರೆಯುತ್ತಾರೆ. ಅದರಲ್ಲಿ ನೆಲದಡಿ ಹಾಕುವ ಕೇಬಲ್ಲಿಗೆ 1.65 ಮೀಟರ್ ಆಳ, 40 ಮಿಲಿಮೀಟರ್ ಪೈಪು ಅಂತ ಅಳತೆ ಇದೆ. ಹಾಗಿದ್ದೂ ಎಲ್ಲ ಕಡೆ ಅಗೆಯುತ್ತಾ ಕೂರಲು ಆಗಲಿಲ್ಲ. ಪಕ್ಕದ ಆಂಧ್ರದಲ್ಲಿ ಕರೆಂಟ್ ಕಂಬಗಳ ಮೇಲೆಯೇ ಸಾವಿರಾರು ಕಿಲೋಮೀಟರ್ ಎಳೆದರು.

1. ಮೊದಲು ದಾರಿ ನಡೆಯಿರಿ

ರಸ್ತೆ ಬದಿಯ ಕಂಬದಲ್ಲಿ ಕಪ್ಪು ಡಬ್ಬಿಯೊಂದು ನೇತಾಡುತ್ತಿರುತ್ತದೆ. ನಿಮ್ಮ ಮನೆಯ ಎಳೆ ಶುರುವಾಗುವುದು ಅಲ್ಲಿಂದ. ಒಂದು ನೋಟ್‌ಬುಕ್ಕು, 50 ಮೀಟರಿನ ಹಗ್ಗ ಹಿಡಿದುಕೊಂಡು ಅಲ್ಲಿಂದ ಮನೆಯವರೆಗೆ ನಡೆಯಿರಿ. ಮೊಬೈಲಿನ ನಕ್ಷೆಯಲ್ಲಿ ಗೆರೆ ಎಳೆದು ಅಳೆಯಬೇಡಿ. ಅದಕ್ಕೆ ಧರೆಯೂ (ಕಡಿದಾದ ಮಣ್ಣಿನ ದಿಬ್ಬ) ಗೊತ್ತಿಲ್ಲ, ಹಳ್ಳವೂ ಗೊತ್ತಿಲ್ಲ.

ಹಗ್ಗದ ಒಂದೊಂದು ಅಳತೆಗೂ ನಿಂತು ಸುತ್ತ ನೋಡಿ. ತಲೆ ಮೇಲೆ ಏನಿದೆ? ಒಣಗಿದ ಕೊಂಬೆ, ತೆಂಗಿನ ಗರಿ, ಕರೆಂಟ್ ತಂತಿ? ಕಾಲಡಿ ಏನಿದೆ? ಜಂಬಿಟ್ಟಿಗೆ ಕಲ್ಲು, ಮೆತ್ತನೆ ಮಣ್ಣು, ನೀರಿನ ಪೈಪು, ಬಸಿಗಾಲುವೆ? ಅಲ್ಲಿ ಯಾರು ಓಡಾಡುತ್ತಾರೆ? ಟ್ರ್ಯಾಕ್ಟರ್, ಗೊಬ್ಬರದ ಲಾರಿ, ದನ, ಕಾಡುಹಂದಿ? ಇಷ್ಟನ್ನೂ ಬರೆದುಕೊಳ್ಳಿ. ಜಾಗ ಯಾರದ್ದು ಎನ್ನುವುದನ್ನು ಮರೆಯದೆ ಬರೆಯಿರಿ. ಮುಂದೆ ಜಗಳ ಹುಟ್ಟುವುದು ಅಲ್ಲಿಯೇ.

ಬೇಸಿಗೆಯಲ್ಲಿ ನಡೆದರೆ ಅರ್ಧ ಮಾತ್ರ ಕಾಣುತ್ತದೆ. ಮಳೆಗಾಲದಲ್ಲಿ ನೀರು ಎಲ್ಲಿ ಹರಿಯುತ್ತದೆ, ಯಾವ ಧರೆ ಜರಿಯುತ್ತದೆ ಎನ್ನುವುದು ಊರಿನ ಹಿರಿಯರಿಗೆ ಗೊತ್ತು. ನಮ್ಮಲ್ಲಿ ಪಕ್ಕದ ಮನೆಯ ಅಜ್ಜ ಹೇಳದಿದ್ದರೆ ನಾನು ಪೈಪನ್ನು ಸೀದಾ ಒಂದು ಜರಿಯುವ ಧರೆಯೊಳಗೆ ಹಾಕುತ್ತಿದ್ದೆ.

ಅಳತೆ ಬಂದ ಮೇಲೆ ನೂರಕ್ಕೆ ಹತ್ತರಷ್ಟು ಜಾಸ್ತಿ ಸೇರಿಸಿ. ತೂಗಿದ ಕೇಬಲ್ ಜೋಲುತ್ತದೆ, ತಿರುವುಗಳಲ್ಲಿ ಉದ್ದ ತಿನ್ನುತ್ತದೆ. ಜತೆಗೆ ಎರಡೂ ತುದಿಯಲ್ಲಿ ಹತ್ತತ್ತು ಮೀಟರ್ ಸುರುಳಿ ಬಿಡಬೇಕು. ನಮ್ಮ 640 ಮೀಟರ್ ದಾರಿಗೆ ತಂದದ್ದು 750 ಮೀಟರ್ ಕೇಬಲ್.

2. ದೂರಕ್ಕೆ ಹೆದರಬೇಡಿ

ಹಳೆಯ ತಾಮ್ರದ ಫೋನ್ ತಂತಿಯ ಅನುಭವ ಇದ್ದವರಿಗೆ ಒಂದು ಭ್ರಮೆ ಇರುತ್ತದೆ. ದಾರಿ ಸುತ್ತುಬಳಸಾದರೆ ಸ್ಪೀಡ್ ಕಡಿಮೆಯಾಗುತ್ತದೆ ಅಂತ. ಫೈಬರಿನಲ್ಲಿ ಹಾಗಿಲ್ಲ. ಮನೆಗಳಿಗೆ ಬರುವ ಸಾಮಾನ್ಯ ಜಿಪಾನ್ ವ್ಯವಸ್ಥೆ (ಒಂದೇ ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ಪದ್ಧತಿ) 20 ಕಿಲೋಮೀಟರ್ ದೂರದವರೆಗೆ ಕೆಲಸ ಮಾಡುತ್ತದೆ. ಒಂದು ಕಿಲೋಮೀಟರ್ ಎಳೆಯಲ್ಲಿ ಬೆಳಕು ಕಳೆದುಕೊಳ್ಳುವುದು ಹೆಚ್ಚೆಂದರೆ 0.35 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟ ಅಳೆಯುವ ಮಾನ). ಆದರೆ ಒಂದು ಕೊಳೆ ಹಿಡಿದ ಕನೆಕ್ಟರ್, ಒಂದು ಅಡ್ಡಾದಿಡ್ಡಿ ಜಾಯಿಂಟ್ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ಬೆಳಕನ್ನು ಎಂಟು ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 10 ಡಿಬಿ ನುಂಗುತ್ತದೆ.

ಹಾಗಾಗಿ 200 ಮೀಟರ್ ಸುತ್ತಿಕೊಂಡು ಹೋದರೆ ದೊಡ್ಡ ಮರಗಳು ತಪ್ಪುತ್ತವೆ ಅಂತಾದರೆ ಸುತ್ತಿಕೊಂಡೇ ಹೋಗಿ. ಬೆಳಕಿಗೆ ಅದು ಲೆಕ್ಕಕ್ಕೇ ಇಲ್ಲ. ಜಾಯಿಂಟ್ ಮಾತ್ರ ಕಡಿಮೆ ಇರಲಿ. ಸಾಧ್ಯವಾದರೆ ಡಬ್ಬಿಯಿಂದ ಮನೆಯವರೆಗೆ ಒಂದೇ ತುಂಡು ಕೇಬಲ್. ಕೇಬಲ್ ಡ್ರಮ್ಮುಗಳು ಸಾಮಾನ್ಯವಾಗಿ 1 ಅಥವಾ 2 ಕಿಲೋಮೀಟರಿನವು. ಉಳಿದ ಚೂರುಪಾರು ತುಂಡುಗಳನ್ನೇ ಜೋಡಿಸಿಕೊಂಡು ಬರುತ್ತೇವೆ ಅಂದರೆ ಒಪ್ಪಬೇಡಿ.

3. ಕೇಳಬೇಕಾದವರನ್ನು ಕೇಳಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ರಸ್ತೆ ಅಗೆಯಲು ಪಂಚಾಯಿತಿ ಅಥವಾ ಲೋಕೋಪಯೋಗಿ ಇಲಾಖೆಯ ಒಪ್ಪಿಗೆ ಬೇಕು. ಕರೆಂಟ್ ಕಂಬ ಬಳಸಲು ಮೆಸ್ಕಾಂ, ಹೆಸ್ಕಾಂ, ಬೆಸ್ಕಾಂ ಹೀಗೆ ನಿಮ್ಮ ಭಾಗದ ಕಂಪನಿಯ ಒಪ್ಪಿಗೆ ಬೇಕು. ಈ ಅನುಮತಿಗಳನ್ನು ಪಡೆಯುವುದು ಇಂಟರ್ನೆಟ್ ಕೊಡುವವರ ಕೆಲಸ, ನಿಮ್ಮದಲ್ಲ. ಅವರಿಗಾಗಿಯೇ ಮಾಡಿದ ಹೊಸ ರೈಟ್ ಆಫ್ ವೇ (ಕೇಬಲ್ ಹಾಯಿಸುವ ಹಕ್ಕಿನ) ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ದಾರಿ ಅರಣ್ಯದ ಜಾಗದಲ್ಲೋ ಸೊಪ್ಪಿನ ಬೆಟ್ಟದಲ್ಲೋ ಹಾದು ಹೋಗುವುದಾದರೆ ಗುದ್ದಲಿ ಎತ್ತುವ ಮೊದಲೇ ಅರಣ್ಯ ಇಲಾಖೆಯವರ ಹತ್ತಿರ ಮಾತಾಡಿ. ಪಕ್ಕದವರ ತೋಟವಾದರೆ ಕಾಫಿ ಕುಡಿಯುತ್ತಾ ಬಾಯಿಮಾತಲ್ಲಿ ಮುಗಿಸಬೇಡಿ. ಒಂದು ಹಾಳೆಯಲ್ಲಿ ನಕ್ಷೆ ಬರೆದು ಇಬ್ಬರೂ ಸಹಿ ಹಾಕಿ. ಇವತ್ತಿನ ಒಡೆಯರು ಒಪ್ಪಿದ್ದನ್ನು ನಾಳೆ ಪಾಲಾದಾಗ ಮಕ್ಕಳು ಒಪ್ಪಬೇಕಲ್ವಾ?

4. ತೂಗಿಸುವ ತುಂಡುಗಳು

ಎಲ್ಲಿ ತೂಗಿಸಬೇಕು? ಬಯಲಿನಲ್ಲಿ, ಹುಲ್ಲಿನ ಬೇಣದಲ್ಲಿ, ಹಳ್ಳ ದಾಟುವಲ್ಲಿ, ಅಗೆಯಲಾಗದ ಕಲ್ಲುನೆಲದಲ್ಲಿ. ಜರಿಯುವ ಧರೆಯ ಪಕ್ಕದಲ್ಲಿ ಕೂಡ. ಧರೆ ಜರಿದರೆ ಹೂತ ಪೈಪು ಅದರ ಜತೆ ಹೋಗುತ್ತದೆ. ಅದೇ ಎರಡೂ ಕಡೆ ಗಟ್ಟಿ ನೆಲದಲ್ಲಿ ಕಂಬ ನೆಟ್ಟು ತೂಗಿಸಿದರೆ ಕೇಬಲ್ ಉಳಿಯುತ್ತದೆ.

ಮನೆಗೆ ಎಳೆಯುವ ಚಪ್ಪಟೆ ಕಪ್ಪು ಕೇಬಲ್ಲನ್ನು ಒಮ್ಮೆ ಸರಿಯಾಗಿ ನೋಡಿ. ಅದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರ ಆಚೀಚೆ ಎರಡು ಗಟ್ಟಿ ಕಡ್ಡಿ, ಪಕ್ಕದಲ್ಲಿ ಅಂಟಿಕೊಂಡಂತೆ ಒಂದು ಉಕ್ಕಿನ ತಂತಿ. ಭಾರ ಹೊರಬೇಕಾದದ್ದು ಈ ತಂತಿ ಮಾತ್ರ. ಕಂಬದ ಹತ್ತಿರ ತಂತಿಯನ್ನು ಕೇಬಲ್ಲಿನಿಂದ ಒಂದಡಿ ಸೀಳಿ ಬಿಡಿಸಿ, ಕ್ಲ್ಯಾಂಪಿಗೆ ಸುತ್ತಬೇಕು. ಎಳೆ ಇರುವ ಭಾಗ ಸಡಿಲವಾಗಿ ಪಕ್ಕದಲ್ಲಿ ಹಾದುಹೋಗಬೇಕು. ಇಡೀ ಕೇಬಲ್ಲನ್ನು ಕಂಬಕ್ಕೆ ಗಂಟು ಹಾಕಿ ಕಟ್ಟಿದ್ದು ಕಂಡರೆ ಅಲ್ಲೇ ನಿಲ್ಲಿಸಿ.

ಕಂಬದಿಂದ ಕಂಬಕ್ಕೆ 50 ಮೀಟರಿಗಿಂತ ಜಾಸ್ತಿ ದೂರ ಬೇಡ. ಈಗ ಒಂದು ಲೆಕ್ಕ. ಈ ಕೇಬಲ್ ಒಂದು ಕಿಲೋಮೀಟರಿಗೆ ಸುಮಾರು 20 ಕಿಲೋ ತೂಗುತ್ತದೆ. 50 ಮೀಟರ್ ಅಂತರದಲ್ಲಿ ನಡುವೆ ಅರ್ಧ ಮೀಟರ್ ಜೋಲು ಬಿಟ್ಟರೆ ತಂತಿಯ ಮೇಲೆ ಬೀಳುವ ಎಳೆತ ಸುಮಾರು 12 ಕಿಲೋ. ಜೋಲನ್ನು ಕಾಲು ಮೀಟರಿಗೆ ಇಳಿಸಿದರೆ 25 ಕಿಲೋ. ಬರೀ 10 ಸೆಂಟಿಮೀಟರ್ ಬಿಟ್ಟರೆ 60 ಕಿಲೋ ದಾಟುತ್ತದೆ. ಇಂಥ ಕೇಬಲ್ ಸದಾ ತಡೆಯುವುದು ಸುಮಾರು 30 ಕಿಲೋ ಎಳೆತವನ್ನು. 60 ಕಿಲೋ ಅಂದರೆ ಎಳೆಯುವಾಗ ಸ್ವಲ್ಪ ಹೊತ್ತು ತಡೆಯುವ ಕೊನೆಯ ಮಿತಿ. ಹುಡುಗರು ನೋಡಲು ಚೆಂದ ಅಂತ ವೀಣೆಯ ತಂತಿಯ ಹಾಗೆ ಬಿಗಿದು ಕಟ್ಟುತ್ತಾರೆ. ಮಳೆ ಬಿದ್ದು, ಬಳ್ಳಿ ಹಬ್ಬಿ, ಮೇಲೊಂದು ಅಡಿಕೆ ಸೋಗೆ ಬಿದ್ದರೆ ಕಥೆ ಮುಗಿಯಿತು. ಜೋಲು ಬಿಟ್ಟ ಕೇಬಲ್ ನೋಡಲು ಸೋಮಾರಿಯ ಕೆಲಸದಂತೆ ಕಾಣುತ್ತದೆ. ಕಾಣಲಿ ಬಿಡಿ.

ಎತ್ತರದ ಮಾತು. ಕಾಲುದಾರಿಯ ಮೇಲೆ ಮೂರೂವರೆ ಮೀಟರ್ ಸಾಕು. ವಾಹನ ಹೋಗುವ ಜಾಗದಲ್ಲಿ, ನಡುವಿನ ಜೋಲು ಕಳೆದ ಮೇಲೂ ಐದೂವರೆ ಮೀಟರ್ ಇರಲಿ. ಹುಲ್ಲು ಹೇರಿದ ಲಾರಿಯನ್ನು ನೆನಪಿನಲ್ಲಿಟ್ಟುಕೊಂಡು ಅಳೆಯಿರಿ. ಅಷ್ಟು ಎತ್ತರ ಸಿಗದಿದ್ದರೆ ಅಲ್ಲಿ ತೂಗಿಸುವುದೇ ಬೇಡ, ಹೂಳಿ.

ಮರಕ್ಕೆ ಕಟ್ಟುವುದು ನಮ್ಮ ಕಡೆಯ ಚಟ. ಮರ ಪುಕ್ಕಟೆ ಸಿಗುವ ಕಂಬ ಅಂತ ಅನಿಸುತ್ತದೆ. ಆದರೆ ಮರ ತೂಗಾಡುತ್ತದೆ, ದಪ್ಪವಾಗುತ್ತದೆ, ಕಟ್ಟಿದ ತಂತಿಯನ್ನು ನುಂಗುತ್ತದೆ. ಅಡಿಕೆ ಮರಕ್ಕಂತೂ ಕಟ್ಟಲೇಬೇಡಿ. ಗಾಳಿಗೆ ಎರಡು ಮರ ಎದುರುಬದುರು ಬಾಗಿದರೆ ನಡುವಿನ ಕೇಬಲ್ ಏನು ಮಾಡೀತು? ಅದಲ್ಲದೆ ಬೋರ್ಡೋ ಔಷಧಿ ಹೊಡೆಯುವವರು, ಕೊನೆ ಕೊಯ್ಯುವವರು ಮರದಿಂದ ಮರಕ್ಕೆ ಹೋಗುವಾಗ ತಲೆ ಮಟ್ಟದಲ್ಲಿ ತಂತಿ ಇರುವುದು ಅವರ ಜೀವಕ್ಕೂ ಅಪಾಯ. ನಾನು ಎರಡು ಇಂಚಿನ ಜಿಐ ಪೈಪುಗಳನ್ನು ಬುಡಕ್ಕೆ ಕಾಂಕ್ರೀಟ್ ಹಾಕಿ ನೆಟ್ಟೆ. ತಿರುವಿನ ಕಂಬಕ್ಕೆ ಮಾತ್ರ ಎಳೆತದ ಎದುರು ದಿಕ್ಕಿನಲ್ಲಿ ಒಂದು ಸ್ಟೇ ತಂತಿ ಕೊಡಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಕಂಬ ಒಳಮುಖವಾಗಿ ವಾಲುತ್ತದೆ.

ಮಂಗನ ಕಾಟಕ್ಕೆ ಮದ್ದಿಲ್ಲ. ಮರದ ಕೊಂಬೆಯಿಂದ ಎರಡು ಮೂರು ಮೀಟರ್ ದೂರ ಇಟ್ಟರೆ ಜೋತಾಡುವುದು ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಅಳಿಲು ಹಲ್ಲು ಮಸೆಯುವುದಕ್ಕೂ ಇದೇ ಉಪಾಯ.

ಇನ್ನು ಕರೆಂಟು ಮತ್ತು ಸಿಡಿಲು. ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಸರಿ. ಆದರೆ ಪಕ್ಕದ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಗಾಳಿಗೆ ಕರೆಂಟಿನ ತಂತಿ ಹರಿದು ನಿಮ್ಮ ಕೇಬಲ್ಲಿನ ಮೇಲೆ ಬಿದ್ದರೆ, ನೀವು ಬರೀ ಇಂಟರ್ನೆಟ್ ವೈರು ಅಂದುಕೊಂಡು ಮುಟ್ಟಿದ್ದು ಜೀವ ತೆಗೆಯಬಹುದು. ಕರೆಂಟ್ ಲೈನಿನ ಹತ್ತಿರ ಕೇಬಲ್ ಬಿದ್ದಿದ್ದರೆ ಮುಟ್ಟಬೇಡಿ. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಸರಿ ಅಂದಮೇಲೆ ಮುಂದಿನ ಮಾತು. ಕರೆಂಟ್ ಕಂಬ ಹತ್ತುವ ಸಾಹಸ ನೀವೂ ಮಾಡಬೇಡಿ, ಕೇಬಲ್ ಹುಡುಗರಿಗೂ ಮಾಡಲು ಬಿಡಬೇಡಿ. ಲೈನಿನ ಹತ್ತಿರ ಹಾದುಹೋಗುವ ತುಂಡಿಗೆ ಲೋಹವೇ ಇಲ್ಲದ, ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿಯ ಕೇಬಲ್ ಸಿಗುತ್ತದೆ, ಅದನ್ನೇ ಕೇಳಿ. ಉಕ್ಕಿನ ತಂತಿ ಇರುವ ಕೇಬಲ್ ಆದರೆ ಆ ತಂತಿಯನ್ನು ಮನೆಯ ಹೊರಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಿ. ಒಳಗೆ ತಂದರೆ ಸಿಡಿಲಿಗೆ ಬಾಗಿಲು ತೆಗೆದಿಟ್ಟ ಹಾಗೆ.

5. ಹೂಳುವ ತುಂಡುಗಳು

ಅಡಿಕೆ ತೋಟದ ಒಳಗೆ, ದೊಡ್ಡ ಮರಗಳ ಕೆಳಗೆ, ವಾಹನ ದಾಟುವ ಜಾಗದಲ್ಲಿ, ಮನೆಯ ಅಂಗಳದಲ್ಲಿ ಹೂಳುವುದೇ ವಾಸಿ. ನಮ್ಮಲ್ಲಿ ತೋಟದೊಳಗಿನ 280 ಮೀಟರ್ ಹೂತಿದ್ದೇನೆ.

ಒಂದು ಮಾತು ಮನಸ್ಸಿನಲ್ಲಿರಲಿ: ಹೂಳಬೇಕಾದದ್ದು ಪೈಪು. ಕೇಬಲ್ ಅದರೊಳಗೆ ಸುಮ್ನೆ ಮಲಗಿರಬೇಕು. ಹಾಗೆ ಮಾಡಿದರೆ ನಾಳೆ ಕೇಬಲ್ ಕೆಟ್ಟರೂ ಮತ್ತೆ ಅಗೆಯಬೇಕಿಲ್ಲ. ಹಳೆಯದನ್ನು ಎಳೆದು ಅದರ ಬಾಲಕ್ಕೇ ಹೊಸದನ್ನು ಕಟ್ಟಿ ಸೇರಿಸಬಹುದು. ಖರ್ಚಿನಲ್ಲಿ ಕೇಬಲ್ಲಿನದು ಸಣ್ಣ ಪಾಲು. ಪೈಪು ಮತ್ತು ಆಳಿನ ಸಂಬಳವೇ ದೊಡ್ಡದು. ಆ ಖರ್ಚು ಒಂದೇ ಸಲ ಆಗಲಿ. ನೀರಿಗೆ ಬಳಸುವ 32 ಮಿಲಿಮೀಟರಿನ ಕಪ್ಪು ಎಚ್‌ಡಿಪಿಇ ಪೈಪು ಧಾರಾಳ ಸಾಕು. ಹಳೆಯ ಡ್ರಿಪ್ ಪೈಪು ಬಿದ್ದಿದೆಯಲ್ಲ ಅಂತ ಅದನ್ನು ಹಾಕಬೇಡಿ. ತೆಳು, ಮೇಲಾಗಿ ಅಲ್ಲಲ್ಲಿ ತೂತು. ಮಣ್ಣು ಒಳಗೆ ಹೋಗಿ ಕೇಬಲ್ ಕಚ್ಚಿಕೊಳ್ಳುತ್ತದೆ.

ಎಷ್ಟು ಆಳ? ಕೈಯಲ್ಲಿ ಅಗೆಯುವ ಅಂಗಳ, ತೋಟದಲ್ಲಿ 45ರಿಂದ 60 ಸೆಂಟಿಮೀಟರ್. ಟ್ರ್ಯಾಕ್ಟರ್ ಉಳುವ ಗದ್ದೆಯಲ್ಲಿ 75ರಿಂದ 90. ದಾರಿ ದಾಟುವಲ್ಲಿ ಒಂದು ಮೀಟರ್, ಅದೂ ಜಿಐ ಪೈಪಿನ ಕವಚದೊಳಗೆ. ಬಸಿಗಾಲುವೆ ದಾಟುವಾಗ ಕಾಲುವೆಯ ತಳದಿಂದ ಅಳೆಯಿರಿ. ವರ್ಷ ವರ್ಷ ಅದನ್ನು ಕೆರೆದು ಆಳ ಮಾಡುತ್ತೇವಲ್ಲ, ಆ ಲೆಕ್ಕವೂ ಇರಲಿ.

ಆಳದ ವಿಷಯದಲ್ಲಿ ಜುಗ್ಗತನ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡವರ ಉದಾಹರಣೆಯೇ ಇದೆ. ಅಮೆರಿಕದ ಲೂಯಿವಿಲ್ ಊರಿನಲ್ಲಿ ಗೂಗಲ್ ಫೈಬರ್ ಕಂಪನಿ ರಸ್ತೆಯಲ್ಲಿ ಬರೀ ಎರಡು ಇಂಚು ಆಳದ ಗೀರು ಕೊರೆದು ಕೇಬಲ್ ಹಾಕಿ, ಮೇಲೆ ಅಂಟು ತುಂಬಿತು. ಅಂಟು ಕಿತ್ತು ಬಂತು, ಕೇಬಲ್ ಮೇಲೆದ್ದು ಕಾಣತೊಡಗಿತು. 2019ರ ಏಪ್ರಿಲಿನಲ್ಲಿ ಕಂಪನಿ ಆ ಊರನ್ನೇ ಬಿಟ್ಟು ಹೊರಟಿತು. ರಸ್ತೆ ಸರಿಮಾಡಲು 38 ಲಕ್ಷ ಡಾಲರಿಗೂ ಹೆಚ್ಚು ಹಣ ಕಟ್ಟಿಕೊಡಬೇಕಾಯಿತು. ನನ್ನ ಒಂದಡಿ ಗುಂಡಿಯ ಬಗ್ಗೆ ನಾಚಿಕೆ ಆದಾಗಲೆಲ್ಲ ಇದನ್ನು ನೆನಪಿಸಿಕೊಳ್ಳುತ್ತೇನೆ.

ಜಂಬಿಟ್ಟಿಗೆ ನೆಲದಲ್ಲಿ ಎರಡಡಿ ಅಗೆಯುವುದು ಅಂದರೆ ಪಿಕಾಸಿಗೂ ಸೊಂಟಕ್ಕೂ ಪರೀಕ್ಷೆ. ಮಳೆಗಾಲ ಮುಗಿದ ಹೊಸತರಲ್ಲಿ, ನೆಲ ಇನ್ನೂ ಹಸಿ ಇರುವಾಗ ಅಗೆಯಿರಿ. ಫೆಬ್ರುವರಿಗೆ ಅದು ಕಲ್ಲೇ ಆಗಿರುತ್ತದೆ. ಕಲ್ಲಿನ ಚೂಪು ಅಂಚು ಪೈಪಿಗೆ ಒತ್ತದಂತೆ ತಳಕ್ಕೆ ನಾಲ್ಕು ಬೆರಳು ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಕಿ. ಉತ್ತರ ಕರ್ನಾಟಕದ ಎರೆಭೂಮಿಯವರ ಕಷ್ಟ ಬೇರೆ. ಅಗೆಯುವುದು ಸುಲಭ, ಆದರೆ ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಬರಿಯ ಕೇಬಲ್ ಹೂತರೆ ಮಣ್ಣೇ ಅದನ್ನು ಎಳೆದಾಡುತ್ತದೆ. ಅಲ್ಲಿ ಪೈಪು ಇರಲೇಬೇಕು, ಒಳಗೆ ಕೇಬಲ್ ಸಡಿಲವಾಗಿರಲೇಬೇಕು.

ಗುಂಡಿಯನ್ನು ಅರ್ಧ ಮುಚ್ಚಿದ ಮೇಲೆ, ಪೈಪಿನಿಂದ ಒಂದಡಿ ಮೇಲೆ, ಬಣ್ಣದ ಎಚ್ಚರಿಕೆ ಪಟ್ಟಿ ಹಾಸಿ. ಮುಂದೆ ಯಾರೋ ಅಗೆಯುವಾಗ ಗುದ್ದಲಿಗೆ ಮೊದಲು ಸಿಗುವುದು ಅದು. ಅಂಗಡಿಯಲ್ಲಿ ಸಿಗದಿದ್ದರೆ ಹರಿದ ಕೆಂಪು ಟಾರ್ಪಾಲಿನ ಪಟ್ಟಿಯೂ ಆಗುತ್ತದೆ, ನಾನು ಹಾಕಿದ್ದು ಅದನ್ನೇ.

ತಿರುವುಗಳಲ್ಲಿ ಪೈಪನ್ನು ಎಲ್ಬೋ ಹಾಕಿ 90 ಡಿಗ್ರಿ ಮುರಿಯಬೇಡಿ. ಗಾಡಿಯ ಚಕ್ರದಷ್ಟು ದೊಡ್ಡ ಬಳಸು ಕೊಡಿ. ನೂರು ಮೀಟರಿಗೊಂದು, ಹಾಗೂ ದೊಡ್ಡ ತಿರುವಿಗೊಂದು ಚಿಕ್ಕ ಗುಂಡಿ ಕಟ್ಟಿ, ಮೇಲೆ ಚಪ್ಪಡಿ ಮುಚ್ಚಿ. ಕೇಬಲ್ ಎಳೆಯುವಾಗ ಅಲ್ಲಿ ಒಬ್ಬರು ಕೂತು ಮುಂದಕ್ಕೆ ದಾಟಿಸಿದರೆ ಕೆಲಸ ಸಲೀಸು.

ಕೇಬಲ್ ಸೇರಿಸುವ ಉಪಾಯ ಕೇಳಿ. ನೈಲಾನ್ ದಾರದ ತುದಿಗೆ ಪ್ಲಾಸ್ಟಿಕ್ ಕೊಟ್ಟೆಯ ಸಣ್ಣ ಚೂರು ಗಾಳಿಪಟದಂತೆ ಕಟ್ಟಿ ಪೈಪಿನ ಬಾಯಿಗೆ ಬಿಡಿ. ಹಿಂದಿನಿಂದ ಬ್ಲೋವರ್ ಗಾಳಿ ಕೊಡಿ. ತೋಟಕ್ಕೆ ಔಷಧಿ ಹೊಡೆಯುವ ಬ್ಲೋವರ್ ಆದರೂ ನಡೆಯುತ್ತದೆ, ಟ್ಯಾಂಕ್ ಖಾಲಿ ಇರಲಿ. ದಾರ ಆ ಕಡೆಯಿಂದ ಹೊರಬಂದಾಗ ಮಕ್ಕಳಿಗಿಂತ ದೊಡ್ಡವರಿಗೇ ಖುಷಿ ಜಾಸ್ತಿ. ಆ ದಾರಕ್ಕೆ ಗಟ್ಟಿ ಹಗ್ಗ, ಹಗ್ಗಕ್ಕೆ ಕೇಬಲ್. ಎಳೆಯುವುದು ಒಂದು ಕೈಯ ಬಲದಲ್ಲಿ. ಎರಡು ಕೈ, ಕಾಲು ಒತ್ತಿ ಎಳೆಯಬೇಕಾಗಿ ಬಂದರೆ ಎಲ್ಲೋ ಸಿಕ್ಕಿದೆ ಅಂತ ಅರ್ಥ, ನಿಲ್ಲಿಸಿ. ಕೇಬಲ್ ಜತೆಗೇ ಇನ್ನೊಂದು ಖಾಲಿ ದಾರವನ್ನೂ ಎಳೆದು ಒಳಗೆ ಬಿಡಿ. ಮುಂದೊಂದು ದಿನ ಬೇಕಾಗುತ್ತದೆ.

ಕೊನೆಗೆ ಪೈಪಿನ ಎರಡೂ ಬಾಯಿ ಮುಚ್ಚಬೇಕು. ಇದನ್ನು ಮರೆತವರೇ ಜಾಸ್ತಿ. ತೆರೆದ ಪೈಪು ಇಲಿಗೆ ಹೆದ್ದಾರಿ, ಇರುವೆಗೆ ಬಾಡಿಗೆ ಮನೆ. ಹತ್ತಿಯೋ ಬಟ್ಟೆಯೋ ತುರುಕಿ ಮೇಲೆ ಸಿಲಿಕೋನ್ ಬಳಿಯಿರಿ. ಸಿಮೆಂಟ್ ಬೇಡ, ಮತ್ತೆ ಬಿಚ್ಚಲು ಬರುವುದಿಲ್ಲ. ಹೆಗ್ಗಣದ ಕಾಟ ವಿಪರೀತ ಇರುವ ಕಡೆ ಉಕ್ಕಿನ ಪಟ್ಟಿ ಸುತ್ತಿದ ಆರ್ಮರ್ಡ್ ಕೇಬಲ್ ಹಾಕಬಹುದು. ಆದರೆ ಅದೂ ಲೋಹವೇ. ಸಿಡಿಲಿನ ಮಾತು ಅದಕ್ಕೂ ಸೇರುತ್ತದೆ.

ಹೂತ ಕೇಬಲ್ಲಿಗೆ ದೊಡ್ಡ ಶತ್ರು ಹೆಗ್ಗಣವೂ ಅಲ್ಲ, ಜೆಸಿಬಿ. ಮನೆಮನೆಗೆ ನಲ್ಲಿ ನೀರಿನ ಪೈಪು ಹಾಕಲು ರಸ್ತೆ ಬದಿ ಅಗೆದ ವರ್ಷಗಳಲ್ಲಿ ಎಷ್ಟು ಊರುಗಳಲ್ಲಿ ಇಂಟರ್ನೆಟ್ ಸತ್ತಿತು ಅಂತ ಹಳ್ಳಿಯವರಿಗೆ ಗೊತ್ತು. ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲೆಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿದೆ. ಆದರೆ ನಿಮ್ಮ ತೋಟದ ಪೈಪು ಆ್ಯಪಿನಲ್ಲಿ ಇರುವುದಿಲ್ಲ. ಅದಕ್ಕೆ ಗುರುತಿನ ಕಲ್ಲೇ ಗತಿ. ಐವತ್ತು ಮೀಟರಿಗೊಂದು ಕಲ್ಲು ನೆಟ್ಟು ಬಣ್ಣ ಬಳಿಯಿರಿ. ಜೆಸಿಬಿ ಬರುವ ದಿನ ಡ್ರೈವರಿಗೆ ಮೊದಲು ಟೀ ಕೊಟ್ಟು, ಆಮೇಲೆ ಕಲ್ಲು ತೋರಿಸಿ.

6. ಕಂಬದಿಂದ ನೆಲಕ್ಕೆ ಇಳಿಯುವ ಜಾಗ

ತೂಗಿದ್ದು ಹೂಳುವುದಕ್ಕೆ ತಿರುಗುವ ಜಾಗವೇ ಎಲ್ಲಕ್ಕಿಂತ ಬೇಗ ಕೆಡುವುದು. ದನ ಮೈ ತಿಕ್ಕುತ್ತದೆ, ಹುಲ್ಲು ಕೊಯ್ಯುವ ಮಷಿನ್ನು ತಾಗುತ್ತದೆ. ನೆಲದಿಂದ ಎರಡೂವರೆ ಮೀಟರ್ ಎತ್ತರದವರೆಗೆ ಕೇಬಲ್ ಜಿಐ ಪೈಪಿನೊಳಗೆ ಇರಲಿ. ಪೈಪಿನ ಮೇಲಿನ ಬಾಯಿ ಕೊಡೆಯ ಹಿಡಿಯಂತೆ ಕೆಳಮುಖ ಬಾಗಿರಲಿ. ಮೇಲ್ಮುಖ ಬಿಟ್ಟರೆ ಇಡೀ ಮಳೆಗಾಲ ಅದು ನೀರಿನ ಆಲಿಕೆ. ಕಂಬದ ಮೇಲೆ ಐದು ಮೀಟರ್ ಕೇಬಲ್ ಸುರುಳಿ ಮಾಡಿ ಕಟ್ಟಿ.

7. ಮನೆಯೊಳಗೆ

ಗೋಡೆಯ ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿ ಇರಲಿ. ತೂತಿನ ಹೊರಗೆ ಕೇಬಲ್ ಒಮ್ಮೆ ಕೆಳಗಿಳಿದು ಮತ್ತೆ ಮೇಲೆ ಬಂದು ಒಳಹೋಗಬೇಕು. ಕೇಬಲ್ ಹಿಡಿದು ಬಂದ ನೀರು ಆ ಕೆಳಗಿನ ತಿರುವಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಒಳಗೆ ಎಲ್ಲೂ ಬಳೆಗಿಂತ ಸಣ್ಣ ಸುತ್ತು ಬೇಡ. ಈಗಿನ ಮನೆ ಕೇಬಲ್ಲಿನ ಎಳೆ ಸಾಮಾನ್ಯವಾಗಿ ಬಾಗುವ ಜಾತಿಯದು, ಇನ್ನೂ ಸಣ್ಣ ಸುತ್ತನ್ನೂ ತಡೆಯುತ್ತದೆ. ಆದರೂ ಬಳೆ ಅಳತೆ ನೆನಪಿಡಲು ಸುಲಭ. ಕಿಟಕಿ ಸಂದಿಯಲ್ಲಿ ಕೇಬಲ್ ತಂದು ಬಾಗಿಲು ಒತ್ತಿ ಮುಚ್ಚುವ ಮನೆಗಳನ್ನು ನೋಡಿದ್ದೇನೆ. ಮೊದಲ ದಿನ ಏನೂ ಆಗುವುದಿಲ್ಲ, ಚೌತಿ ಹಬ್ಬದ ಹೊತ್ತಿಗೆ ಆಗುತ್ತದೆ.

ಫೈಬರ್ ಬಂದರೂ ಮೋಡೆಮ್ ಸುಡುವುದು ನಿಂತಿಲ್ಲ, ಯಾಕೆಂದರೆ ಸಿಡಿಲು ಈಗ ಅಡಾಪ್ಟರಿನ ಪ್ಲಗ್ಗಿನಿಂದ ಬರುತ್ತದೆ. ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕೀಳಿ.

8. ಅಳೆಯದೆ ಸಹಿ ಹಾಕಬೇಡಿ

ಕೆಲಸ ಮುಗಿಯಿತು ಎಂದಾಗ ಪವರ್ ಮೀಟರಿನಲ್ಲಿ ಬೆಳಕು ಅಳೆದು ತೋರಿಸಲು ಹೇಳಿ. ಎರಡು ಕಡೆ: ರಸ್ತೆ ಬದಿಯ ಡಬ್ಬಿಯಲ್ಲಿ, ಮನೆಯ ತುದಿಯಲ್ಲಿ. ಮನೆಯಲ್ಲಿ ಮೈನಸ್ 15ರಿಂದ ಮೈನಸ್ 24 ಡಿಬಿಎಂ (ಮೀಟರ್ ತೋರಿಸುವ ಬೆಳಕಿನ ಅಳತೆ) ನಡುವೆ ಬಂದರೆ ಚೆನ್ನಾಗಿದೆ. ಸಾಮಾನ್ಯ ಮೋಡೆಮ್ಮಿನ ಮಿತಿ ಮೈನಸ್ 27. ಮೈನಸ್ 26 ತೋರಿಸಿ 'ಓಡ್ತಿದೆಯಲ್ಲ ಸರ್' ಅಂದರೆ ನಂಬಬೇಡಿ. ಎರಡು ಕಡೆಯ ಅಂಕಿಯಲ್ಲಿ ಒಂದು ಡಿಬಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನಿಮ್ಮ ಹೊಸ ಕೇಬಲ್ಲಿನಲ್ಲೇ ಎಲ್ಲೋ ಮಡಿಕೆ ಬಿದ್ದಿದೆ ಅಥವಾ ತುದಿ ಕೊಳೆಯಾಗಿದೆ. ಅಂಕಿಗಳನ್ನು ತಾರೀಖಿನ ಜತೆ ಬರೆದಿಡಿ. ಮುಂದೆ ಕೆಟ್ಟಾಗ ಡಬ್ಬಿಯಲ್ಲೇ ಬೆಳಕು ಇಳಿದಿದೆಯೋ ನಿಮ್ಮ ತೋಟದಲ್ಲಿ ಇಳಿದಿದೆಯೋ ಅನ್ನುವ ಜಗಳ ಒಂದು ನಿಮಿಷದಲ್ಲಿ ಮುಗಿಯುತ್ತದೆ.

ಕೆಂಪು ಬೆಳಕಿನ ಲೇಸರ್ ಪೆನ್ನು ಒಂದನ್ನು ಊರಿನ ನಾಲ್ಕು ಮನೆಯವರು ಸೇರಿ ಇಟ್ಟುಕೊಳ್ಳಬಹುದು. ಮೋಡೆಮ್ಮಿನಿಂದ ತುದಿ ಬಿಚ್ಚಿ ಪೆನ್ನಿಗೆ ಸಿಕ್ಕಿಸಿದರೆ, ಕತ್ತಲಾದ ಮೇಲೆ ತುಂಡಾದ ಜಾಗ ಕೆಂಪಗೆ ಹೊಳೆಯುತ್ತದೆ. ಕಪ್ಪು ಸಿಪ್ಪೆಯೊಳಗಿನ ಮಡಿಕೆ ಮಾತ್ರ ಅಷ್ಟು ಸುಲಭಕ್ಕೆ ಕಾಣುವುದಿಲ್ಲ, ಹೂತ ಪೈಪಿನೊಳಗಿನದ್ದಂತೂ ಇಲ್ಲವೇ ಇಲ್ಲ. ಅದಕ್ಕೆ ಓಟಿಡಿಆರ್ ಯಂತ್ರವೇ ಬೇಕು. ಅದು ಇಷ್ಟು ಮೀಟರಿನಲ್ಲಿ ತುಂಡಾಗಿದೆ ಅಂತ ಅಂಕಿ ಕೊಡುತ್ತದೆ. ಆ ಅಂಕಿಯನ್ನು ಹಿಡಿದು ಯಾವ ಕಲ್ಲಿನ ಹತ್ತಿರ ಅಗೆಯಬೇಕು ಅಂತ ಹೇಳುವುದು ನಿಮ್ಮ ನಕ್ಷೆ. ಡಬ್ಬಿಯಿಂದ ಬಂದ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕಿದೆಯಾ ಅಂತ ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದೇ ಅಲ್ಲ, ಹಾನಿ ಮಾತ್ರ ಮಾಡಬಹುದು. ಕತ್ತರಿಸಿದ ಎಳೆಯ ಚೂರು ಗಾಜಿನ ಸೂಜಿ. ಚರ್ಮದೊಳಗೆ ಹೋದರೆ ತೆಗೆಯುವುದು ಬಲು ಕಷ್ಟ. ಟೇಪಿಗೆ ಅಂಟಿಸಿ, ಡಬ್ಬಿಗೆ ಹಾಕಿ ಮುಚ್ಚಿ.

ನಮ್ಮ ಮನೆಯ ನಕ್ಷೆ ಕ್ಯಾಲೆಂಡರಿನ ಹಿಂದೆ ಅಂಟಿಸಿದೆ. ಹನ್ನೊಂದು ಕಲ್ಲು, ಎಂಟು ಕಂಬ, ಮೂರು ಚಪ್ಪಡಿ ಗುಂಡಿ, ಒಂದೊಂದರ ಪಕ್ಕವೂ ಡಬ್ಬಿಯಿಂದ ಎಷ್ಟು ಮೀಟರ್ ಅಂತ ಬರೆದಿದೆ. ಉಳಿದ ಕೇಬಲ್ ಸುರುಳಿ ಅಟ್ಟದ ಮೇಲಿದೆ, ಇಲಿ ಮುಟ್ಟದಂತೆ ತಗಡಿನ ಡಬ್ಬದಲ್ಲಿ. ಕಳೆದ ಮಳೆಗಾಲದಲ್ಲಿ ಎರಡು ಸಲ ಕೆಂಪು ದೀಪ ಬಂತು. ಎರಡೂ ಸಲ ತೂಗಿದ ಭಾಗದಲ್ಲಿ, ಆರನೇ ಕಂಬದ ಹತ್ತಿರ, ಅದೇ ಮತ್ತಿ ಮರದ ಕೊಂಬೆಯಿಂದ. ಈ ಬೇಸಿಗೆಯಲ್ಲಿ ಆ 40 ಮೀಟರಿಗೂ ಪೈಪು ತಂದಿಟ್ಟಿದ್ದೇನೆ, ಅಗೆಯಲು ಜನ ಸಿಗಬೇಕು.